ಮಿಸಿಸಿಪ್ಪಿಯನ್ನು ನಡೆದು ದಾಟಿದೆವು

ಶಾಲೆಯ ಭೂಗೋಳದ ಪುಸ್ತಕದಲ್ಲಿ ಮಿಸಿಸಿಪ್ಪಿ ನದಿಯ ಹೆಸರನ್ನು ನೀವೂ ಬಾಯಿಪಾಠ ಮಾಡಿರಬಹುದು. ಹಡಗುಗಳು ಓಡಾಡುವ ಆ ಮಹಾನದಿಯನ್ನು ಆರು ವರ್ಷದ ಹುಡುಗಿಯೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದಳೆಂದರೆ ನಂಬುವಿರಾ? ಅವಳು ನನ್ನ ಮಗಳು. ದಾಟಿದ್ದು 2019ರ ಜುಲೈಯಲ್ಲಿ, ಅಮೆರಿಕದ ಮಿನ್ನೆಸೋಟ ರಾಜ್ಯದ ಇಟಾಸ್ಕಾ ಸರೋವರದ ಬಳಿ. ನದಿ ಹುಟ್ಟುವುದೇ ಅಲ್ಲಿ. ಹುಟ್ಟುವಾಗ ಅದು ಸುಮಾರು 20 ಅಡಿ ಅಗಲ, ಮೊಣಕಾಲು ಮಟ್ಟದ ನೀರು.

ನಾವಾಗ ಮಿನಿಯಾಪೊಲಿಸ್ ನಗರದ ಹತ್ತಿರ ವಾಸವಿದ್ದೆವು. ಊರಿನಲ್ಲಿ ಉಮ್ಮ ತೀರಿಕೊಂಡ ಮೇಲೆ ಬಾಪನನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದೆ. ಪಾಣೆಮಂಗಳೂರಿನ ಹೊಳೆಬದಿಯಲ್ಲಿ ಬೆಳೆದವರು, ಗಾಳ ಹಾಕುವುದರಲ್ಲಿ ಎತ್ತಿದ ಕೈ. ಇಲ್ಲಿಗೆ ಬಂದು ಮೂರು ತಿಂಗಳಾದರೂ ಕಿಟಕಿಯ ಬಳಿ ಕೂತು ರಸ್ತೆ ನೋಡುವುದೇ ಅವರ ಕೆಲಸವಾಗಿತ್ತು. ಉಮ್ಮನ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. "ಕೆರೆಯ ಬದಿಗೆ ಕರೆದುಕೊಂಡು ಹೋಗೋಣ" ಎಂದು ನನ್ನವರೇ ಹೇಳಿದರು.

ಮಿನಿಯಾಪೊಲಿಸ್‌ನಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಉದ್ಯಾನದ ಪ್ರವೇಶ ಚೀಟಿಗೆ ಆಗ ಕಾರಿಗೆ ದಿನಕ್ಕೆ 7 ಡಾಲರ್. ಟೆಂಟ್ ಹಾಕುವ ಜಾಗಕ್ಕೆ ಬೇರೆ ಬಾಡಿಗೆ. ಬೇಸಿಗೆ ರಜೆಯಲ್ಲಿ ಹೋಗುವುದಾದರೆ ಬಹಳ ಮೊದಲೇ ಕಾದಿರಿಸಿಕೊಳ್ಳಿ, ಇಲ್ಲವಾದರೆ ಬಾಗಿಲಿನಿಂದಲೇ ಹಿಂದಿರುಗಬೇಕಾದೀತು. ಸೌದೆಯನ್ನು ಮನೆಯಿಂದ ಕಟ್ಟಿಕೊಂಡು ಹೋಗಬೇಡಿ. ಅದರೊಳಗೆ ಅಡಗಿದ ಹುಳುಗಳು ಹೊಸ ಕಾಡಿಗೆ ಹರಡುತ್ತವೆಂದು ಅಲ್ಲಿಯೇ ಕೊಳ್ಳುವ ನಿಯಮವಿದೆ. ಕರಡಿಗಳಿರುವುದರಿಂದ ರಾತ್ರಿ ಅನ್ನದ ಅಗುಳೂ ಹೊರಗೆ ಉಳಿಯಬಾರದು, ಎಲ್ಲವೂ ಕಾರಿನೊಳಗೆ. ಹತ್ತು ಗಂಟೆಯ ನಂತರ ಗದ್ದಲ ಮಾಡುವಂತಿಲ್ಲ. ನಮ್ಮ ಮಕ್ಕಳಿಗೆ ಇದೇ ಕಷ್ಟವಾದದ್ದು!

ಮೊದಲ ದಿನ ಸಂಜೆಯೇ ಬಾಪ ಗಾಳ ಹಿಡಿದು ದಡದಲ್ಲಿ ಕೂತರು. ರಾಜ್ಯ ಉದ್ಯಾನದೊಳಗೆ ಮೀನು ಹಿಡಿಯಲು ಲೈಸೆನ್ಸ್ ಬೇಡವೆಂದು ನನ್ನವರು ಎಲ್ಲೋ ಓದಿದ್ದರು. ಓದಿದ್ದು ಅರ್ಧ ಸರಿ. ಆ ಸವಲತ್ತು ಮಿನ್ನೆಸೋಟದ ನಿವಾಸಿಗಳಿಗೆ ಮಾತ್ರ, ಹೊರಗಿನಿಂದ ಬಂದ ಅತಿಥಿಗೆ ಲೈಸೆನ್ಸ್ ಬೇಕು. ಅತ್ತ ಬಂದ ಅಧಿಕಾರಿ ಬಹಳ ಮರ್ಯಾದೆಯಿಂದಲೇ ವಿವರಿಸಿ ಹೋದರು. ದಂಡ ಹಾಕಲಿಲ್ಲ. ಆದರೆ ಬಾಪನ ಮುಖ ಸಣ್ಣದಾಯಿತು. ನೂಲು ಸುತ್ತಿಟ್ಟು, ಬೆಂಕಿಯ ಬಳಿ ಬಂದು ಕೂತರು. ಎಷ್ಟೋ ಹೊತ್ತಿನ ಮೇಲೆ, "ಈ ವಯಸ್ಸಿನಲ್ಲಿ ಕಳ್ಳ ಮೀನು ಹಿಡಿದು ಸಿಕ್ಕಿಬಿದ್ದೆ ಅಂತ ಗೊತ್ತಾಗಿದ್ದರೆ ನಿನ್ನ ಉಮ್ಮ ವರ್ಷವಿಡೀ ನಗುತ್ತಿದ್ದಳು" ಎಂದರು. ನಾನು ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ. ಆ ರಾತ್ರಿ ಅವರು ಉಮ್ಮನ ಬಗ್ಗೆ ಮಾತನಾಡಿದಷ್ಟನ್ನು ನಾನು ಮೊದಲೆಂದೂ ಕೇಳಿರಲಿಲ್ಲ. ನೀರಿನ ಮೇಲೆ ಲೂನ್ ಎಂಬ ಹಕ್ಕಿ ಕೂಗುತ್ತಿತ್ತು. ಅದು ಆ ರಾಜ್ಯದ ಹಕ್ಕಿ. ಕೂಗು ಕೇಳಿದರೆ ಯಾರೋ ದೂರದಲ್ಲಿ ಅಳುತ್ತಿರುವಂತೆ ಅನಿಸುತ್ತದೆ.

ಮರುದಿನ ನನ್ನವರು ಸುಮಾರು 20 ಮೈಲು ದೂರದ ಪಾರ್ಕ್ ರ‍್ಯಾಪಿಡ್ಸ್ ಪಟ್ಟಣಕ್ಕೆ ಹೋಗಿ ಲೈಸೆನ್ಸ್ ತಂದರು. ಅಷ್ಟರಲ್ಲಿ ನಾವು ಕಾಡು ಸುತ್ತಿದೆವು. ಇನ್ನೂರು ವರ್ಷ ದಾಟಿದ ಕೆಂಪು ಪೈನ್ ಮರಗಳು ಇಲ್ಲಿ ಇಂದಿಗೂ ನಿಂತಿವೆ. ಸುತ್ತಲಿನ ಕಾಡೆಲ್ಲ ಮರದ ವ್ಯಾಪಾರಿಗಳ ಪಾಲಾಗುತ್ತಿದ್ದಾಗ, 1891ರಲ್ಲಿ, ಶಾಸನಸಭೆಯಲ್ಲಿ ಒಂದೇ ಒಂದು ಮತದ ಅಂತರದಿಂದ ಈ ಉದ್ಯಾನ ಉಳಿಯಿತು. ಕಾನೂನಾದ ಮಾತ್ರಕ್ಕೆ ಕೊಡಲಿ ನಿಲ್ಲಲಿಲ್ಲ ಅನ್ನಿ. 1903ರಲ್ಲಿ, ತಂದೆ ತೀರಿಕೊಂಡ ನಂತರ, 24 ವರ್ಷದ ಮೇರಿ ಗಿಬ್ಸ್ ಈ ಉದ್ಯಾನದ ಮುಖ್ಯಸ್ಥೆಯಾದಳು. ದಿಮ್ಮಿ ತೇಲಿಸುವವರು ನದಿಗೆ ಅಣೆಕಟ್ಟು ಕಟ್ಟಿ ಬಾಗಿಲು ಮುಚ್ಚಿದ್ದರಿಂದ ಸರೋವರ ಉಕ್ಕಿ ದಡದ ಮರಗಳು ಮುಳುಗುತ್ತಿದ್ದವು. ಬಾಗಿಲು ತೆರೆಸಲು ಹೋದವರಿಗೆ, ಮುಟ್ಟಿದವರನ್ನು ಗುಂಡಿಕ್ಕುತ್ತೇವೆ ಎಂಬ ಬೆದರಿಕೆ. ಆ ಬಂದೂಕಿನೆದುರೇ ಆಕೆ ಹೋಗಿ ಅಣೆಕಟ್ಟಿನ ಸನ್ನೆಗೋಲಿನ ಮೇಲೆ ಕೈಯಿಟ್ಟಳು! ಆಕೆ ಹುದ್ದೆಯಲ್ಲಿದ್ದದ್ದು ಕೆಲವೇ ತಿಂಗಳು. ಈಗ ನದಿಯ ಉಗಮದ ಬಳಿಯಿರುವ ಪ್ರವಾಸಿ ಕೇಂದ್ರಕ್ಕೆ ಅವಳದೇ ಹೆಸರಿದೆ. ಮಗಳಿಗೆ ಈ ಕಥೆಯನ್ನು ಮೂರು ಸಲ ಹೇಳಬೇಕಾಯಿತು.

1939ರಲ್ಲಿ ಕಟ್ಟಿದ 100 ಅಡಿಯ ಕಾವಲು ಗೋಪುರವೊಂದಿದೆ. ಹಿಂದೆ ಕಾಳ್ಗಿಚ್ಚು ಪತ್ತೆ ಹಚ್ಚಲು ಅದನ್ನು ಬಳಸುತ್ತಿದ್ದರು. ಮಗ ತುದಿಯವರೆಗೆ ಹತ್ತಿದ, ನಾನು ಅರ್ಧದಲ್ಲೇ ಇಳಿದೆ. ಮೇಲಿನಿಂದ ನೋಡಿದರೆ ಕಾಡು, ಕೆರೆ, ಮತ್ತೆ ಕಾಡು ಎಂದು ಹೇಳಿದ. ಈ ಉದ್ಯಾನದೊಳಗೇ ನೂರಕ್ಕೂ ಹೆಚ್ಚು ಕೆರೆಗಳಿವೆ. ಕಾಲುದಾರಿಯಲ್ಲಿ ನಡೆಯುವಾಗ ಕಾಲು ಮುಚ್ಚುವ ಬಟ್ಟೆ ತೊಡಿ, ಟೆಂಟಿಗೆ ಮರಳಿದ ಕೂಡಲೇ ಮಕ್ಕಳ ಮೈಯನ್ನು ಪರೀಕ್ಷಿಸಿ. ಅಲ್ಲಿನ ಉಣ್ಣಿಗಳಿಂದ ಲೈಮ್ ಎಂಬ ಕಾಯಿಲೆ ಬರುತ್ತದೆ. ಸೊಳ್ಳೆಗಳಂತೂ ನಮ್ಮ ಮಳೆಗಾಲದವನ್ನೂ ನಾಚಿಸುವಂಥವು.

ಮಧ್ಯಾಹ್ನ ಬಾಪನಿಗೆ ಅಂಗೈಯಗಲದ ಐದು ಬ್ಲೂಗಿಲ್ ಮೀನುಗಳು ಸಿಕ್ಕಿದವು. ತೀರಾ ಸಣ್ಣದೊಂದನ್ನು ನೀರಿಗೇ ಬಿಟ್ಟರು. ಮನೆಯಿಂದ ತಂದಿದ್ದ ಮೆಣಸಿನಪುಡಿ, ಅರಿಶಿನ, ಉಪ್ಪು ಸವರಿ ಕಾವಲಿಯಲ್ಲಿ ಹುರಿದೆವು. ಪಕ್ಕದ ಟೆಂಟಿನವರು ವಾಸನೆಗೆ ಎದ್ದು ಬಂದರು. ಅವರಿಗೂ ಒಂದು ಕೊಟ್ಟೆವು. ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡೇ ಮೆಚ್ಚಿದರು.

ಹೊರಡುವ ದಿನ ಉಗಮಕ್ಕೆ ಹೋದೆವು. ಸಾಲಾಗಿಟ್ಟ ಕಲ್ಲುಗಳ ಮೇಲೆ ಹೆಜ್ಜೆಯಿಡುತ್ತಾ ಜನ ದಾಟುತ್ತಾರೆ. ಕಲ್ಲುಗಳು ಜಾರುತ್ತವೆ, ನೀರಿಗಿಳಿದು ನಡೆಯುವುದೇ ಲೇಸು. ದಕ್ಷಿಣದ ಸಮುದ್ರ ಸೇರುವ ಈ ನದಿ ಇಲ್ಲಿ ಮೊದಲು ಉತ್ತರಕ್ಕೆ ಹರಿಯುವುದು ಒಂದು ಸೋಜಿಗ. ಮುಂದೆ ಸಾಗಬೇಕಾದ ದಾರಿ ಸುಮಾರು 3,700 ಕಿಲೋಮೀಟರ್. ಇಲ್ಲಿನ ಒಂದು ಹನಿ ಮೆಕ್ಸಿಕೋ ಕೊಲ್ಲಿ ತಲುಪಲು ಸುಮಾರು 90 ದಿನ ಬೇಕೆಂದು ಫಲಕದಲ್ಲಿ ಓದಿ ಬಾಪನಿಗೆ ಹೇಳಿದೆ. ಅವರು ನೀರಿನ ನಡುವೆ ನಿಂತು ಬೆರಳು ಮಡಚಿ ಲೆಕ್ಕ ಹಾಕಿದರು.

"ಅಕ್ಟೋಬರ್‌ನಲ್ಲಿ ಮುಟ್ಟುತ್ತದೆ. ನನ್ನ ಟಿಕೆಟೂ ಅದೇ ತಿಂಗಳು, ಅಲ್ಲವಾ ಮಗಳೇ?" ಎಂದು ಕೇಳಿ, ಮೊಮ್ಮಗಳ ಕೈ ಹಿಡಿದು ಆಚೆ ದಡ ಹತ್ತಿದರು.