ಒಂದೇ ಸಾಲಿನ ಫೈಲು

ಕರ್ನಲ್ಲಿನ ಹೆಡರ್ ಫೈಲುಗಳನ್ನು ಒಂದು ಡೈರೆಕ್ಟರಿಯಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸದಲ್ಲಿ ನನಗೆ ಬಲು ಇಷ್ಟವಾದ ಗಳಿಗೆಯೆಂದರೆ ಡಿಫ್ ಏನೂ ಹೇಳದೆ ಮುಗಿಯುವುದು. ಪ್ಯಾಚ್ ಹಾಕುವ ಮೊದಲು ಒಮ್ಮೆ ಹೆಡರ್ಸ್-ಇನ್‌ಸ್ಟಾಲ್ ಓಡಿಸಿ ಬಂದದ್ದನ್ನು ಒಂದು ಕಡೆ ಎತ್ತಿಡುತ್ತೇನೆ. ಹಾಕಿದ ಮೇಲೆ ಇನ್ನೊಮ್ಮೆ ಓಡಿಸಿ ಬೇರೆ ಕಡೆ. ಎರಡನ್ನೂ ಹೋಲಿಸಿ ನೋಡು ಅಂದರೆ ಡಿಫ್ ಒಂದು ಸಾಲನ್ನೂ ಉಗುಳಬಾರದು. ಮೊನ್ನೆ ಹಾಗೇ ಆಯಿತು. ಒಳಗೆ ರಾಶಿ ರಾಶಿ ಸಾಲು ಅತ್ತಿಂದಿತ್ತ ಹೋಗಿದೆ, ಹೊರಗಿನ ಪ್ರೋಗ್ರಾಮುಗಳ ಕೈಗೆ ಸಿಗುವ ಫೈಲುಗಳಲ್ಲಿ ಒಂದು ಸೆಮಿಕೋಲನ್ನೂ ಕದಲಿಲ್ಲ. ಸಂಜೆಯವರೆಗೂ ಅದೇ ಖುಷಿಯಲ್ಲಿದ್ದೆ.

ಈ ಕಸುಬಿನ ದೊಡ್ಡ ಕೆಲಸವೆಂದರೆ 2012ರಲ್ಲಿ ಡೇವಿಡ್ ಹೌವೆಲ್ಸ್ ಮಾಡಿದ್ದು. ಅಲ್ಲಿಯವರೆಗೆ ಲಿನಕ್ಸ್‌ನ ಹೆಡರುಗಳಲ್ಲಿ ಕರ್ನಲ್ಲಿನ ಒಳಮಾತೂ ಯೂಸರ್‌ಸ್ಪೇಸಿಗೆ ಕೊಟ್ಟ ಮಾತೂ ಒಂದೇ ಫೈಲಿನಲ್ಲಿ ಕಲಸಿಕೊಂಡಿದ್ದವು. ನಡುವೆ ಒಂದು ಇಫ್‌ಡೆಫ್ ಬೇಲಿ. ಯಾರಾದರೂ ಬೇಲಿಯ ತಪ್ಪು ಬದಿಯಲ್ಲಿ ಒಂದು ಸ್ಟ್ರಕ್ಟ್ ಬರೆದರೆ ಅದು ಗೊತ್ತಿಲ್ಲದಂತೆ ಹೊರಗೆ ಹೋಗಿ ಕಾಯಂ ಆಗಿಬಿಡುತ್ತಿತ್ತು. ಹೌವೆಲ್ಸ್ ಹೊರಗೆ ಕೊಡುವುದನ್ನೆಲ್ಲ ಯುಎಪಿಐ ಎಂಬ ಪ್ರತ್ಯೇಕ ಡೈರೆಕ್ಟರಿಗೆ ಸಾಗಿಸಿದರು. ಕೈಯಿಂದಲ್ಲ, ಸ್ಕ್ರಿಪ್ಟ್ ಬರೆದು. 3.7ರ ಕರ್ನಲ್ಲಿನಲ್ಲಿ ಅದು ಬಂತು. ಒಳಗೆ ಉಳಿದ ಹಳೆಯ ಫೈಲು ತನ್ನ ಯುಎಪಿಐ ಜೋಡಿಯನ್ನು ಇನ್‌ಕ್ಲೂಡ್ ಮಾಡಿಕೊಳ್ಳುವುದರಿಂದ ಅದನ್ನು ಬಳಸುತ್ತಿದ್ದ ಡ್ರೈವರುಗಳಲ್ಲಿ ಏನನ್ನೂ ತಿದ್ದಬೇಕಾಗಲಿಲ್ಲ.

ಅದರಲ್ಲಿ ನನ್ನ ಮನಸ್ಸು ಗೆದ್ದದ್ದು ಒಂದು ಸಣ್ಣ ಎಚ್ಚರ. ಹೆಡರನ್ನು ಎರಡು ಸಲ ಓದದಂತೆ ತಡೆಯುವ ಗಾರ್ಡ್‌ನ ಹೆಸರು ಎರಡು ಫೈಲಿಗೂ ಒಂದೇ ಆಗಿದ್ದರೆ ಎರಡನೆಯದು ಖಾಲಿಯಾಗಿ ಓದಿಸಿಕೊಳ್ಳುತ್ತದೆ. ಆದ್ದರಿಂದ ಹೊಸ ಫೈಲುಗಳ ಗಾರ್ಡಿನ ಮುಂದೆ ಯುಎಪಿಐ ಎಂದು ಸೇರಿಸಿದರು. ಸರಿ. ಆದರೆ ಜಿಲಿಬ್‌ಸಿ ಎಂಬ ಸಿ ಲೈಬ್ರರಿಯಂಥ ಹೊರಗಿನವರು ಕೆಲವು ಹೆಡರುಗಳ ಗಾರ್ಡ್ ಹೆಸರನ್ನೇ ಪರೀಕ್ಷಿಸಿ ನೋಡುತ್ತಿದ್ದರು. ಗಾರ್ಡ್ ಯಾರಿಗೂ ಕೊಟ್ಟ ಮಾತಲ್ಲ, ನೆಚ್ಚಿಕೊಂಡವರದೇ ತಪ್ಪು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಇನ್‌ಸ್ಟಾಲ್ ಆಗುವಾಗ ಆ ಯುಎಪಿಐ ತಲೆಯನ್ನು ಕತ್ತರಿಸಿ ಹಳೆಯ ಹೆಸರನ್ನೇ ಹೊರಗೆ ಕಳಿಸುವಂತೆ ಸ್ಕ್ರಿಪ್ಟಿಗೆ ಕಲಿಸಿದರು. ಈ ಸೌಜನ್ಯ ಕಂಡಾಗಲೆಲ್ಲ ನನಗೆ ಈ ಕಸುಬಿನ ಮೇಲೆ ಇನ್ನಷ್ಟು ಪ್ರೀತಿ ಹುಟ್ಟುತ್ತದೆ.

ಹೊರಗಿನವರು ಬಳಸುವ ಫೈಲಿನ ಹೆಸರೇ ಬದಲಾಗಬೇಕಾದಾಗ ನಾನು ಹಳೆಯ ಜಾಗದಲ್ಲಿ ಒಂದೇ ಸಾಲಿನ ಫೈಲು ಬಿಡುತ್ತೇನೆ: ಹೊಸದನ್ನು ಇನ್‌ಕ್ಲೂಡ್ ಮಾಡು, ಅಷ್ಟೇ. ಟಾಕೀಸು ಒಡೆದು ಎಷ್ಟೋ ವರ್ಷವಾದ ಮೇಲೂ ಬಸ್ ಸ್ಟಾಪಿಗೆ ಅದರ ಹೆಸರೇ ಉಳಿಯುತ್ತದಲ್ಲ, ಹಾಗೆ. ಇಳಿಯುವವರು ಸರಿಯಾದ ಕಡೆಯೇ ಇಳಿಯುತ್ತಾರೆ. ಆದರೆ ಈ ಒಂದು ಸಾಲು ಗಿಟ್‌ಗೆ ತೊಡಕು. ಫೈಲು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಗಿಟ್ ಬರೆದಿಟ್ಟುಕೊಳ್ಳುವುದಿಲ್ಲ, ಒಳಗಿನ ಸಾಲುಗಳ ಹೋಲಿಕೆ ನೋಡಿ ಊಹಿಸುತ್ತದೆ. ಹಳೆಯ ಫೈಲು ಮಾಯವಾದರೆ ಮಾತ್ರ ಊಹೆ. ಅಲ್ಲೊಂದು ಸಾಲು ಉಳಿಸಿದಿರೋ, ಹಳೆಯದರಲ್ಲಿ ನಾನೂರು ಸಾಲು ಅಳಿಸಿದೆ, ಹೊಸದರಲ್ಲಿ ನಾನೂರು ಸಾಲು ಬರೆದಿದೆ ಎಂದು ತೋರಿಸುತ್ತದೆ. ಪರಿಶೀಲಿಸುವವರು ಆ ಎಂಟುನೂರು ಸಾಲನ್ನು ಹೇಗೆ ತಾಳೆ ನೋಡಬೇಕು? ಮೊದಲು ಸಾಗಿಸಿ, ಮುಂದಿನ ಕಮಿಟ್‌ನಲ್ಲಿ ಸಾಲು ಸೇರಿಸೋಣ ಅಂದರೆ ನಡುವಿನ ಕಮಿಟ್ ಕಂಪೈಲ್ ಆಗುವುದಿಲ್ಲ. ತಪ್ಪು ಯಾವ ಕಮಿಟ್‌ನಲ್ಲಿ ಹುಟ್ಟಿತೆಂದು ಹುಡುಕಲು ಮುಂದೆಂದೋ ಬೈಸೆಕ್ಟ್ ಮಾಡುವವರು ಆ ಗುಂಡಿಗೆ ಬೀಳುತ್ತಾರೆ. ಉಪಾಯ ಇಲ್ಲಿದೆ: ಪ್ಯಾಚ್ ತೆಗೆಯುವಾಗ ಎಂ ಜೊತೆಗೆ ಬಿ ಎಂಬ ಆಯ್ಕೆಯನ್ನೂ ಕೊಡಿ, ಎರಡೂ ದೊಡ್ಡಕ್ಷರ. ಪೂರ್ತಿ ಬದಲಾದ ಫೈಲನ್ನು ಗಿಟ್ ಆಗ 'ಹಳೆಯದು ಹೋಯಿತು, ಹೊಸದು ಬಂತು' ಎಂದು ಎರಡಾಗಿ ಒಡೆದು, ಹೋದದ್ದನ್ನು ಸಾಗಣೆಯ ಮೂಲವೆಂದು ಒಪ್ಪಿಕೊಳ್ಳುತ್ತದೆ. ಎಂಟುನೂರು ಸಾಲಿನ ಪ್ಯಾಚ್ ಒಂದು ಅಂಗೈಯಗಲಕ್ಕೆ ಇಳಿಯುತ್ತದೆ: ಹೆಸರು ಬದಲಾಗಿದೆ, ಇಲ್ಲೊಂದು ಸಾಲು ಹೊಸದು. ಹೆಡರು ಸಾಗಿಸುವ ಎಷ್ಟೋ ಜನ ಇದನ್ನು ಬಳಸುವುದೇ ಇಲ್ಲ. ಯಾಕೆಂದು ನನಗೆ ಅರ್ಥವಾಗಿಲ್ಲ.

ಇನ್ನು ನನ್ನ ಜಗಳಕ್ಕೆ ಬರುತ್ತೇನೆ. ಒಂದೇ ಸಾಲಿನ ಫೈಲು ಬಿಡುವವರಲ್ಲಿ ಒಂದು ಪಂಗಡ ಎರಡನೆಯ ಸಾಲನ್ನೂ ಬರೆಯುತ್ತದೆ: ಒಂದು ವಾರ್ನಿಂಗ್. 'ಈ ಹೆಸರು ಹಳತಾಯಿತು, ಹೊಸದನ್ನು ಬಳಸಿ.' ಮಸಲ್ ಎಂಬ ಸಿ ಲೈಬ್ರರಿಯಲ್ಲಿ ಸಿಸ್ ಡೈರೆಕ್ಟರಿಯ ಎರ್‌ನೋ ಹೆಡರನ್ನು ಕೇಳಿದರೆ ಇದೇ ಆಗುತ್ತದೆ. ಸರಿಯಾದ ಫೈಲೇ ಸಿಗುತ್ತದೆ, ಜೊತೆಗೆ ನೀವು ಕೇಳಿದ್ದು ತಪ್ಪು ಎಂಬ ಮಾತು. ಮಸಲ್ ನನಗೆ ಬಹಳ ಮೆಚ್ಚಿನ ಲೈಬ್ರರಿ, ಆದರೂ ಇದನ್ನು ಒಪ್ಪಲಾರೆ. ಸಿಸ್ಟಂ ಹೆಡರುಗಳೊಳಗಿನ ಬೇರೆಲ್ಲ ವಾರ್ನಿಂಗುಗಳನ್ನು ಜಿಸಿಸಿ ಕಂಪೈಲರ್ ತಾನಾಗಿ ನುಂಗಿಕೊಳ್ಳುತ್ತದೆ, ಹೀಗೆ ಬರೆದಿಟ್ಟ ವಾರ್ನಿಂಗನ್ನು ಮಾತ್ರ ನುಂಗುವುದಿಲ್ಲ. ವಾರ್ನಿಂಗನ್ನೆಲ್ಲ ಎರರ್ ಎಂದೇ ಎಣಿಸುವ ಪ್ರಾಜೆಕ್ಟುಗಳು ಎಷ್ಟೋ ಇವೆ. ಅಲ್ಲಿ ಬಿಲ್ಡ್ ನಿಂತುಹೋಗುತ್ತದೆ. ಅಂದಮೇಲೆ ಹಳೆಯ ಫೈಲನ್ನು ಉಳಿಸಿದ್ದು ಯಾತಕ್ಕೆ?

ಅದೂ ಈ ವಾರ್ನಿಂಗ್ ಕಣ್ಣಿಗೆ ಬೀಳುವುದು ಯಾರಿಗೆ? ಆ ಕೋಡ್ ಬರೆದವರಿಗಲ್ಲ. ಅವರು ಕೆಲಸ ಬಿಟ್ಟು ಹೋಗಿರುತ್ತಾರೆ, ಅವರ ಕಂಪನಿ ಮುಚ್ಚಿರುತ್ತದೆ. ಬೀಳುವುದು ಹಳೆಯ ಅಳತೆಯಂತ್ರವೊಂದನ್ನು ಹೇಗೋ ಇನ್ನೊಂದಷ್ಟು ವರ್ಷ ಓಡಿಸಬೇಕಾದ ಲ್ಯಾಬಿನ ಹುಡುಗನಿಗೆ. ಅವನು ಆ ಸಾಲು ಬರೆದಿಲ್ಲ, ತಿದ್ದುವ ಧೈರ್ಯವೂ ಇಲ್ಲ. ಹೀಗೆ ಸಿಕ್ಕಿಬಿದ್ದವರು ನನಗೆ ಬರೆದಿದ್ದಾರೆ. ಇದನ್ನು ಹೇಳಿದರೆ ಸಿಗುವ ಉತ್ತರ: 'ಎಂದಾದರೂ ಕಲಿಯಬೇಕಲ್ಲ.' ಏನನ್ನು ಕಲಿಯಬೇಕು? ನಮ್ಮ ಡೈರೆಕ್ಟರಿ ಚೆಂದ ಕಾಣಲೆಂದು ಫೈಲು ಸಾಗಿಸಿದವರು ನಾವು. ಅದರ ಖರ್ಚು ಅವನ ತಲೆಗೆ ಯಾಕೆ? ಒಂದು ಸಾಲು ಡಿಸ್ಕಿನಲ್ಲಿ ಬಿದ್ದಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಯೂಸರ್‌ಸ್ಪೇಸನ್ನು ಮುರಿಯಬಾರದೆಂದು ಲೀನಸ್ ಟೋರ್ವಾಲ್ಡ್ಸ್ ಗದರಿ ಹೇಳುತ್ತ ಬಂದಿದ್ದಾರೆ. ಚೊಕ್ಕಟತನದ ಹುಚ್ಚು ಹಿಡಿದವರ ಕಿವಿಗೆ ಅದು ಹೋಗುವುದೇ ಇಲ್ಲ.

ನೆಟ್‌ಫಿಲ್ಟರ್ ಎಂಬ, ಕರ್ನಲ್ಲಿನ ಪ್ಯಾಕೆಟ್ ಸೋಸುವ ಭಾಗದ ಹೆಡರುಗಳ ವಿಷಯದಲ್ಲಿ ಮಾತ್ರ ಅವರ ಸಂಕಟ ನನಗೂ ತಟ್ಟುತ್ತದೆ. ಅಲ್ಲಿ ಎಕ್ಸ್‌ಟಿ-ಮಾರ್ಕ್ ಎಂಬ ಎರಡು ಫೈಲುಗಳಿವೆ; ಒಂದರಲ್ಲಿ ಮಾರ್ಕ್ ದೊಡ್ಡಕ್ಷರ, ಇನ್ನೊಂದರಲ್ಲಿ ಸಣ್ಣಕ್ಷರ. ಪ್ಯಾಕೆಟ್ಟಿಗೆ ಗುರುತು ಹಾಕುವುದು ದೊಡ್ಡದು, ಗುರುತು ಇದೆಯೇ ನೋಡುವುದು ಸಣ್ಣದು. ಲಿನಕ್ಸಿನಲ್ಲಿ ತೊಂದರೆಯಿಲ್ಲ. ಅಕ್ಷರದ ಗಾತ್ರ ಲೆಕ್ಕಿಸದ ಡಿಸ್ಕಿರುವ ಮ್ಯಾಕ್‌ನಲ್ಲಿ ಕರ್ನಲ್ ಸೋರ್ಸನ್ನು ಇಳಿಸಿಕೊಂಡರೆ ಒಂದು ಇನ್ನೊಂದರ ಮೇಲೆ ಕೂತುಬಿಡುತ್ತದೆ. ಇಂಥ ಜೋಡಿಗಳು ಅಲ್ಲಿ ಇನ್ನೂ ಹಲವಿವೆ. ಒಳಗಿನದನ್ನು ಒಂದೇ ಫೈಲಿಗೆ ಸೇರಿಸಬಹುದು, ಆದರೆ ಹೊರಗಿನ ಪ್ರೋಗ್ರಾಮುಗಳು ಎರಡು ಹೆಸರನ್ನೂ ಕೇಳುತ್ತವೆ. ಕೇಳುವವರಿರುವ ತನಕ ಎರಡೂ ಇರಲೇಬೇಕು.

ಸ್ಟ್ರಕ್ಟಿನೊಳಗಿನ ಹೆಸರೂ ಹೀಗೇ. ಕೀಕಂಟ್ರೋಲ್ ಹೆಡರಿನಲ್ಲಿ, ಡಿಫಿ-ಹೆಲ್ಮನ್ ಲೆಕ್ಕಕ್ಕೆ ಬೇಕಾದ ಸ್ಟ್ರಕ್ಟಿನಲ್ಲಿ, ಒಂದು ಫೀಲ್ಡಿಗೆ ಪ್ರೈವೇಟ್ ಎಂದು ಹೆಸರಿಟ್ಟಿದ್ದರು. ಸಿ++ನಲ್ಲಿ ಅದು ಕಾಯ್ದಿರಿಸಿದ ಪದ, ಹಾಗಾಗಿ ಆ ಹೆಡರು ಅಲ್ಲಿ ಕಂಪೈಲೇ ಆಗದು. 2018ರಲ್ಲಿ ಹೆಸರು ಬದಲಿಸಿದರು. ಬೈಟುಗಳ ಜೋಡಣೆ ಹಾಗೇ ಇತ್ತು, ಓಡುತ್ತಿದ್ದ ಯಾವ ಪ್ರೋಗ್ರಾಮೂ ಕೆಡಲಿಲ್ಲ. ಆದರೆ ಐಡಬ್ಲ್ಯೂಡಿ ಎಂಬ ವೈಫೈ ಡೀಮನ್ ಹಳೆಯ ಹೆಸರನ್ನು ಬರೆದುಕೊಂಡಿತ್ತು. ಅದರ ಬಿಲ್ಡ್ ಮುರಿಯಿತು. ಬದಲಾವಣೆಯನ್ನು ವಾಪಸು ತೆಗೆದುಕೊಂಡರು. ಆಮೇಲೆ ಬಂದ ಪರಿಹಾರ ನೋಡಿ: ಹೆಸರಿಲ್ಲದ ಒಂದು ಯೂನಿಯನ್, ಅದರೊಳಗೆ ಒಂದೇ ನಾಲ್ಕು ಬೈಟಿಗೆ ಎರಡು ಹೆಸರು, ಪ್ರೈವೇಟ್ ಮತ್ತು ಪ್ರಿವ್. ಸಿ++ ಓದುವಾಗ ಮಾತ್ರ ಮೊದಲನೆಯದನ್ನು ಇಫ್‌ಎನ್‌ಡೆಫ್ ಮರೆಮಾಡುತ್ತದೆ. ಸಿ++ನಲ್ಲಿ ಆ ಹೆಸರು ಬರೆದು ಕಂಪೈಲ್ ಮಾಡಿಕೊಂಡವರು ಇರಲು ಸಾಧ್ಯವೇ ಇಲ್ಲ, ಆದ್ದರಿಂದ ಅಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಸಿಯಲ್ಲಿ ಬರೆದವರ ಹೆಸರು ಇದ್ದಲ್ಲೇ ಇದೆ. ನಮ್ಮಲ್ಲಿಗೆ ಹೊಸದಾಗಿ ಸೇರಿದವರಿಗೆ ಬೇರೇನನ್ನೂ ತೋರಿಸುವ ಮೊದಲು ನಾನು ಓದಿಸುವುದು ಈ ಐದಾರು ಸಾಲನ್ನು.