ಬೋಲ್ಟಿನ ಸೈನ್ಯ, ಕಲ್ಯಾಣದ ಚತುರಂಗ

ಬಸವಕಲ್ಯಾಣ ಅಂದ ಕೂಡಲೇ ಅನುಭವ ಮಂಟಪ ನೆನಪಾಗುತ್ತದೆ. ಆಮೇಲೆ ಕೋಟೆ. ಲಾರಿ ಮಂದಿಗೆ ಆಟೋನಗರ. ಹುಮನಾಬಾದ್ ಅಂದರೆ ವೀರಭದ್ರೇಶ್ವರ ಜಾತ್ರೆ, ಮಾಣಿಕನಗರ. ಈ ಎರಡು ಊರುಗಳ ನಡುವಿನ ಹಳ್ಳಿಗಳಲ್ಲಿ ಬೆಳೆದ ನಮಗೆ ಇನ್ನೊಂದು ನೆನಪೂ ಇದೆ. ಕಾರ್ಡು, ಗೊಂಬೆ, ನಟ್ಟು-ಬೋಲ್ಟು ಕೂಡಿಸಿಟ್ಟು ಕಟ್ಟೆಯ ಮೇಲೆ ಆಡಿದ ಯುದ್ಧದಾಟ. ಇವತ್ತು ಅದರ ಬಗ್ಗೆ ಬರೆಯಲು ಕಾರಣ ಇಷ್ಟೇ: ಆಗ ಆ ಕಟ್ಟೆಯ ಮೇಲೆ ಎದ್ದ ಒಂದು ಪ್ರಶ್ನೆ ಈಗ ನಿಮ್ಮ ಮನೆಯ ಮೊಬೈಲಿನೊಳಗೆ ಬಂದು ಕೂತಿದೆ. ರೊಕ್ಕ ಇದ್ದವನೇ ಗೆಲ್ಲುವುದಾದರೆ ಅದನ್ನು ಆಟ ಅನ್ನಬಹುದೇ?

ನಾವು ನಾಲ್ಕನೇ, ಐದನೇ ಇಯತ್ತೆಯಲ್ಲಿದ್ದಾಗ ಕಿರಾಣಿ ಅಂಗಡಿಯಲ್ಲಿ ಕುಸ್ತಿ ಪೈಲ್ವಾನರ ಟ್ರಂಪ್ ಕಾರ್ಡುಗಳು ತೂಗಾಡುತ್ತಿದ್ದವು. ಅಂಡರ್‌ಟೇಕರ್, ಕೇನ್, ಬಿಗ್ ಶೋ, ಟ್ರಿಪಲ್ ಎಚ್. ಕಾರ್ಡಿನ ಮೇಲೆ ಪೈಲ್ವಾನನ ಫೋಟೊ. ಅದರ ಕೆಳಗೆ ಅವನ ರ‍್ಯಾಂಕ್, ಎತ್ತರ, ತೂಕ, ಎದೆಯ ಅಳತೆ, ಆಡಿದ ಕುಸ್ತಿ, ಗೆದ್ದ ಕುಸ್ತಿ. ಒಬ್ಬ "ತೂಕ" ಅಂದರೆ ಇಬ್ಬರೂ ಮೇಲಿನ ಕಾರ್ಡು ತೋರಿಸಬೇಕು. ಯಾರ ಪೈಲ್ವಾನನ ತೂಕ ಹೆಚ್ಚೋ ಅವನು ಎರಡೂ ಕಾರ್ಡು ಎತ್ತಿಕೊಳ್ಳುತ್ತಾನೆ. ರ‍್ಯಾಂಕಿನಲ್ಲಿ ಮಾತ್ರ ಉಲ್ಟಾ, ಸಣ್ಣ ಅಂಕಿಗೇ ಗೆಲುವು. ಇಂಗ್ಲಿಷ್ ಅಂಕಿ ಓದುವುದನ್ನು ನಮ್ಮಲ್ಲಿ ಎಷ್ಟೋ ಮಂದಿ ಈ ಕಾರ್ಡುಗಳಿಂದಲೇ ಕಲಿತೆವು. ಫೂಟು, ಇಂಚು, ಪೌಂಡು ಎಲ್ಲ ಅಲ್ಲೇ ಬಾಯಿಪಾಠವಾಯಿತು.

ಒಂದೇ ಪ್ಯಾಕೆಟ್ಟನ್ನು ಕಲಸಿ ಎಲ್ಲರಿಗೂ ಸಮ ಹಂಚಿದಾಗ ಆಟ ಚೆನ್ನಾಗಿಯೇ ನಡೆಯುತ್ತಿತ್ತು. ಯಾರ ಕೈಗೆ ಯಾವ ಪೈಲ್ವಾನ ಬರುತ್ತಾನೋ ಯಾರಿಗೂ ಗೊತ್ತಿಲ್ಲ. ತೊಂದರೆ ಶುರುವಾದದ್ದು ಒಬ್ಬೊಬ್ಬನೂ ತನ್ನ ಜೇಬಿನ ಕಾರ್ಡುಗಳನ್ನೇ ತಂದು ಆಡಲು ನಿಂತಾಗ. ಅಂಗಡಿಗೆ ದಿನಾ ಹೋಗುವವನ ಬಳಿ ಒಳ್ಳೆಯ ಕಾರ್ಡುಗಳೇ ತುಂಬಿಕೊಂಡವು. ಚಿಪ್ಸ್ ಪ್ಯಾಕೆಟಿನಲ್ಲಿ ಬರುತ್ತಿದ್ದ ಟಾಜೊ ಬಿಲ್ಲೆಗಳದ್ದೂ ಇದೇ ಕತೆ. ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆ ಬಂದರೆ ಪ್ಲಾಸ್ಟಿಕ್ ಸಿಪಾಯಿಗಳ ಪೊಟ್ಟಣ, ಕೈಕಾಲು ತಿರುಗುವ ಶಕ್ತಿಮಾನ್ ಗೊಂಬೆ. ಅಲ್ಲಿಯೂ ಅಷ್ಟೇ, ಯಾರ ಅಪ್ಪನ ಕೈ ಜೇಬಿಗೆ ಹೋಗುತ್ತದೋ ಅವನ ಸೈನ್ಯ ದೊಡ್ಡದು.

ನಮ್ಮ ಗುಂಪಿನಲ್ಲಿ ಒಬ್ಬನಿದ್ದ. ಅವನ ಅವ್ವ-ಅಪ್ಪ ವರ್ಷದಲ್ಲಿ ನಾಲ್ಕೈದು ತಿಂಗಳು ಕಬ್ಬು ಕಡಿಯಲು ಹೋಗುತ್ತಿದ್ದರು, ಅವನು ಅಜ್ಜಿಯ ಬಳಿ ಇರುತ್ತಿದ್ದ. ಅವನ ಹತ್ತಿರ ಒಂದೂ ಕಾರ್ಡು ಇರಲಿಲ್ಲ. ಆದರೂ ದಿನಾ ಬಂದು ಕೂಡುತ್ತಿದ್ದ, ಯಾರದು ಎಷ್ಟಾಯಿತು ಎಂದು ಲೆಕ್ಕ ಇಡುತ್ತಿದ್ದ. ಯಾರ ಬಳಿ ಯಾವ ಕಾರ್ಡು ಇದೆ, ಯಾವ ಪೈಲ್ವಾನನ ಎದೆ ಎಷ್ಟು ಇಂಚು, ಎಲ್ಲ ಅವನ ತಲೆಯಲ್ಲಿತ್ತು. ಇಡೀ ಗುಂಪಿಗೆ ಆಟ ಚೆನ್ನಾಗಿ ತಿಳಿದವನು ಆಡದೆ ಕೂಡುತ್ತಿದ್ದ.

ಬೋಲ್ಟಿನ ಆಟ ಬಂದದ್ದು ಆಮೇಲೆ. ನಮ್ಮಲ್ಲೊಬ್ಬನ ಕಾಕಾ ಬಸವಕಲ್ಯಾಣದ ಒಂದು ಗ್ಯಾರೇಜಿನಲ್ಲಿ ಲಾರಿ ಕೆಲಸ ಮಾಡುತ್ತಿದ್ದ. ಗುಜರಿಗೆ ಹೋಗಬೇಕಿದ್ದ ಹಳೆಯ ನಟ್ಟು-ಬೋಲ್ಟು, ಒಡೆದ ಬೇರಿಂಗಿನ ಗುಂಡುಗಳನ್ನು ಡಬ್ಬಿ ತುಂಬ ತಂದುಕೊಟ್ಟ. ಬೋಲ್ಟನ್ನು ತಲೆಕೆಳಗೆ ಮಾಡಿ ನಿಲ್ಲಿಸಿದರೆ ಅದೇ ಸಿಪಾಯಿ. ಅದರ ಬುಡದವರೆಗೆ ನಟ್ಟು ತಿರುಗಿಸಿ ಇಟ್ಟರೆ ಅದೇ ಅವನ ಆಯುಷ್ಯ. ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಖಡುವಿನಿಂದ ಎರಡು ಗೆರೆ ಎಳೆದು, ಈ ಕಡೆ ಒಬ್ಬನ ಸೈನ್ಯ, ಆ ಕಡೆ ಇನ್ನೊಬ್ಬನದು. ಬೇರಿಂಗ್ ಗುಂಡು ಉರುಳಿಸಿ ಹೊಡೆಯಬೇಕು. ಗುಂಡು ತಾಗಿದರೆ ಆ ಬೋಲ್ಟಿನ ನಟ್ಟನ್ನು ಒಂದು ಸುತ್ತು ಮೇಲಕ್ಕೆ ಬಿಚ್ಚಬೇಕು, ಬೋಲ್ಟು ಬಿದ್ದರೆ ಎರಡು ಸುತ್ತು. ಬಿಚ್ಚುತ್ತಾ ಬಿಚ್ಚುತ್ತಾ ನಟ್ಟು ಕಳಚಿ ಕೈಗೆ ಬಂದರೆ ಸಿಪಾಯಿ ಸತ್ತ ಹಾಗೆ. ತುಕ್ಕು ಹಿಡಿದ ನಟ್ಟು ತಿರುಗದಿದ್ದರೆ ಒಂದು ಹನಿ ಡೀಸೆಲ್.

ಇಲ್ಲಿಯೂ ಮೊದಲ ವಾರ ಹಳೆಯ ಕತೆಯೇ ನಡೆಯಿತು. ಡಬ್ಬಿ ತಂದವನು ಗೇಣುದ್ದದ ಬೋಲ್ಟುಗಳನ್ನು ತಾನೇ ಇಟ್ಟುಕೊಂಡ. ಉದ್ದ ಬೋಲ್ಟಿಗೆ ಚೂಡಿ ಜಾಸ್ತಿ, ಚೂಡಿ ಜಾಸ್ತಿ ಇದ್ದರೆ ಆಯುಷ್ಯ ಜಾಸ್ತಿ. ಆಗ ಲೆಕ್ಕ ಇಡುತ್ತಿದ್ದವನು ಬಾಯಿಬಿಟ್ಟ: "ನಿನ್ನ ಸೈನ್ಯ ಅವನಿಗಿ ಕೊಡು, ಅವನ ಸೈನ್ಯ ನೀ ತಗೋ. ಕೈ ಬದಲ್ ಮಾಡಿ ಆಡ್ತಿ ಏನು?" ಡಬ್ಬಿಯವನು ಆಡಲ್ಲ ಅಂದ. "ಮತ್ತ ಇದು ಆಟ ಹ್ಯಾಂಗ ಆಗ್ತದ?"

ದಾರಿಯನ್ನೂ ಅವನೇ ತೋರಿಸಿದ. ಪ್ರತಿ ಬೋಲ್ಟಿನ ನಟ್ಟು ಕಳಚಲು ಎಷ್ಟು ಸುತ್ತು ಬೇಕು ಎಂದು ಎಣಿಸಿ, ಒಬ್ಬೊಬ್ಬನ ಸೈನ್ಯಕ್ಕೆ ಒಟ್ಟು 50 ಸುತ್ತು ಎಂದು ಗೊತ್ತು ಮಾಡಿದ. ಉದ್ದ ಬೋಲ್ಟು ಬೇಕಾದರೆ ತಗೋ, ಆದರೆ ಸಿಪಾಯಿಗಳು ಕಡಿಮೆ. ಗಿಡ್ಡ ಬೋಲ್ಟು ತಗೊಂಡರೆ ಆಯುಷ್ಯ ಸ್ವಲ್ಪ, ಆದರೆ ಮಂದಿ ಜಾಸ್ತಿ. ಅವತ್ತಿನಿಂದ ಡಬ್ಬಿಯಲ್ಲಿದ್ದದ್ದು ಎಲ್ಲರದಾಯಿತು, ಅವನೂ ಆಡಲು ಕೂತ. ತಾನು ಎತ್ತಿಕೊಂಡದ್ದೆಲ್ಲ ಗಿಡ್ಡ ಬೋಲ್ಟು. ಉದ್ದ ಬೋಲ್ಟು ಗುಂಡು ತಾಗಿದರೆ ಸಾಕು ಬೀಳುತ್ತದೆ, ಗಿಡ್ಡದ್ದು ಬೀಳುವುದಿಲ್ಲ ಎಂಬುದನ್ನು ಅವನು ಕೂತು ನೋಡಿದ್ದ. ಆ ಬೇಸಿಗೆ ರಜೆಯಲ್ಲಿ ಅವನನ್ನು ಸೋಲಿಸುವವರು ಇರಲಿಲ್ಲ.

ಇಂಥ ಆಟಗಳು ಜಗತ್ತಿನ ಬೇರೆ ಕಡೆ ದೊಡ್ಡ ವ್ಯಾಪಾರವೇ ಆಗಿವೆ ಎಂಬುದು ನಮಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲೇ ಆಟಿಕೆ ಸಿಪಾಯಿಗಳ ಯುದ್ಧಕ್ಕೆ ನಿಯಮ ಬರೆದು 'ಲಿಟಲ್ ವಾರ್ಸ್' ಎಂಬ ಪುಸ್ತಕ ಮಾಡಿದ್ದ. ಸ್ಪ್ರಿಂಗಿನ ಆಟಿಕೆ ತೋಪಿನಿಂದ ಹೊಡೆದು ಎದುರಿನ ಸಿಪಾಯಿಗಳನ್ನು ಬೀಳಿಸುವ ಆಟ ಅದು. 1964ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿ ಜಿ.ಐ. ಜೋ ಎಂಬ ಸೈನಿಕನ ಗೊಂಬೆ ತಂದಿತು. ಗೊಂಬೆ ಅಂದರೆ ಗಂಡು ಹುಡುಗರು ಮುಟ್ಟಲಿಕ್ಕಿಲ್ಲ ಎಂದು ಅದಕ್ಕೆ 'ಆ್ಯಕ್ಷನ್ ಫಿಗರ್' ಎಂಬ ಹೊಸ ಹೆಸರು ಇಟ್ಟರು. ನಮ್ಮ ದೇಶದಲ್ಲಿ ಅದೇ ಜಿ.ಐ. ಜೋ ಗೊಂಬೆಗಳನ್ನು ಫನ್‌ಸ್ಕೂಲ್ ಕಂಪನಿ ಮಾರಿತು.

2000ದಲ್ಲಿ ವಿಝ್‌ಕಿಡ್ಸ್ ಎಂಬ ಕಂಪನಿಯ 'ಮೇಜ್ ನೈಟ್' ಬಂತು. 2002ರಲ್ಲಿ ಅದೇ ಕಂಪನಿಯ 'ಹೀರೋಕ್ಲಿಕ್ಸ್', ಅದರಲ್ಲಿ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್ ತರಹದವರು. ಮೇಜಿನ ಮೇಲೆ ಬೆರಳುದ್ದದ ಗೊಂಬೆಗಳನ್ನಿಟ್ಟು, ದಾಳ ಹಾಕಿ ಆಡುವ ಯುದ್ಧ. ಪ್ರತಿ ಗೊಂಬೆಯ ಪೀಠದೊಳಗೆ ಒಂದು ತಿರುಗುವ ಬಿಲ್ಲೆ ಇರುತ್ತದೆ, ಪೀಠದ ಸಣ್ಣ ಕಿಂಡಿಯಲ್ಲಿ ಅದರ ಅಂಕಿಗಳು ಕಾಣುತ್ತವೆ: ವೇಗ, ದಾಳಿ, ರಕ್ಷಣೆ, ಪೆಟ್ಟಿನ ಬಲ. ಏಟು ಬಿದ್ದಷ್ಟು ಸಲ ಬಿಲ್ಲೆಯನ್ನು 'ಕ್ಲಿಕ್' ಎಂದು ತಿರುಗಿಸಬೇಕು. ತಿರುಗಿದಂತೆ ಅಂಕಿ ಬದಲಾಗುತ್ತವೆ, ಸಾಮಾನ್ಯವಾಗಿ ಇಳಿಯುತ್ತವೆ, ಕೊನೆಗೆ ಗೊಂಬೆ ಆಟದಿಂದ ಹೊರಗೆ. ಇದನ್ನು ಮೊದಲ ಸಲ ಓದಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದು ನಮ್ಮ ನಟ್ಟೇ ಅಲ್ಲವೇ!

ಆ ಆಟದ ಗೊಂಬೆಗಳನ್ನು ಬಹುಪಾಲು ಮುಚ್ಚಿದ ಪೆಟ್ಟಿಗೆಯಲ್ಲಿ ಮಾರುತ್ತಿದ್ದರು. ಒಳಗೆ ಯಾರಿದ್ದಾರೆ ಎಂದು ಒಡೆಯುವವರೆಗೆ ಗೊತ್ತಾಗುತ್ತಿರಲಿಲ್ಲ. ಸಿಗುವುದೇ ಅಪರೂಪದ ಗೊಂಬೆ ಬೇಕಾದವನು ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಕೊಳ್ಳಬೇಕಿತ್ತು. ಆದರೆ ಅದನ್ನು ಮಾಡಿದವರಿಗೂ ನಮ್ಮ ಕಟ್ಟೆಯ ಪ್ರಶ್ನೆ ಗೊತ್ತಿತ್ತು. ಪ್ರತಿ ಗೊಂಬೆಗೆ ಒಂದು ಪಾಯಿಂಟ್ ಬೆಲೆ ಇದೆ. ಆಟಕ್ಕೆ ಮುಂಚೆಯೇ ಇಬ್ಬರೂ ಒಟ್ಟು 300 ಪಾಯಿಂಟ್ ಎಂದೋ ಇನ್ನೆಷ್ಟೋ ಎಂದೋ ಮಾತಾಡಿಕೊಂಡು, ಅಷ್ಟರೊಳಗೆ ಸೈನ್ಯ ಕಟ್ಟಬೇಕು. ನಮ್ಮ ಗೆಳೆಯನ 50 ಸುತ್ತಿನ ಲೆಕ್ಕವೂ ಅದೇ. ಅವನು ಅದನ್ನು ಯಾರಿಂದಲೂ ಕೇಳಿರಲಿಲ್ಲ.

ಇನ್ನು ನಮ್ಮ ಕಲ್ಯಾಣಕ್ಕೇ ಬರೋಣ. ಚಾಲುಕ್ಯರ ಕಾಲದಲ್ಲಿ ಇದು ರಾಜಧಾನಿ. ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ಇಲ್ಲಿಂದ ಆಳುತ್ತಿದ್ದಾಗ, 1129ರ ಸುಮಾರಿಗೆ, 'ಮಾನಸೋಲ್ಲಾಸ' ಎಂಬ ದೊಡ್ಡ ಸಂಸ್ಕೃತ ಗ್ರಂಥ ರಚಿಸಿದ. 'ಅಭಿಲಷಿತಾರ್ಥ ಚಿಂತಾಮಣಿ' ಎಂದೂ ಅದಕ್ಕೆ ಹೆಸರಿದೆ. ರಾಜ್ಯಭಾರ, ಅಡುಗೆ, ಸಂಗೀತ, ಆನೆ ಹಿಡಿಯುವುದು, ಕುಸ್ತಿ ಎಲ್ಲ ಅದರಲ್ಲಿದೆ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು 100 ಅಧ್ಯಾಯ. ಕೊನೆಯ ಭಾಗದ ಇಪ್ಪತ್ತೂ ಅಧ್ಯಾಯಗಳು ಕ್ರೀಡೆಗಳ ಬಗ್ಗೆಯೇ. ಅದರಲ್ಲಿ ದಾಳದ ಆಟ ಇದೆ, ಕವಡೆ ಆಟ ಇದೆ, ಒಗಟಿನ ಆಟ ಇದೆ. ಚತುರಂಗವೂ ಇದೆ.

ಚತುರಂಗ ಅಂದರೆ ಸೈನ್ಯದ ನಾಲ್ಕು ಅಂಗ: ಆನೆ, ಕುದುರೆ, ರಥ, ಕಾಲಾಳು. ಹಲಗೆಯ ಮೇಲೆ ಬೊಂಬೆಗಳನ್ನಿಟ್ಟು ಆಡುವ ಯುದ್ಧ. ನಮ್ಮ ಕಡೆಯ ಹಿರಿಯರು ಈಗಲೂ ವಜೀರ, ಒಂಟೆ, ಪ್ಯಾದೆ ಎಂದು ಹೆಸರಿಟ್ಟು ಆಡುತ್ತಾರೆ. ಹೊರಗೆ ರಾಜನಿಗೆ ನಿಜವಾದ ಆನೆಗಳಿದ್ದವು, ಕುದುರೆ ಲಾಯಗಳಿದ್ದವು, ಬೊಕ್ಕಸವಿತ್ತು. ಆದರೆ ಹಲಗೆಯ ಮುಂದೆ ಕೂತ ಮೇಲೆ ಅವನು ತನ್ನ ಬೊಕ್ಕಸದಿಂದ ಒಂದು ಆನೆಯನ್ನೂ ಹೆಚ್ಚಿಗೆ ಇಡುವಂತಿಲ್ಲ. ಇವತ್ತಿನ ಚೆಸ್ಸಿನಲ್ಲೂ ಹಾಗೇ, ನಿಮಗೂ 16 ಕಾಯಿ, ನಿಮ್ಮ ಎದುರಿನವರಿಗೂ 16 ಕಾಯಿ. ಹಿತ್ತಾಳೆಯ ಕಾಯಿ ಇರಲಿ, ಹತ್ತು ರೂಪಾಯಿಯ ಪ್ಲಾಸ್ಟಿಕ್ ಕಾಯಿ ಇರಲಿ, ಕುದುರೆ ಎರಡೂವರೆ ಮನೆಯೇ ಹಾರುತ್ತದೆ.

ಎರಡೂ ಕಡೆ ಒಂದೇ ಥರ ಇದ್ದರೆ ಮಾತ್ರ ನ್ಯಾಯ ಅಂತಲೂ ಅಲ್ಲ. ಗುಡಿಯ ಕಲ್ಲುಹಾಸಿನ ಮೇಲೆ ಗೀಚಿದ ಹುಲಿ-ಕುರಿ ಮನೆಗಳನ್ನು ನೀವು ನೋಡಿರುತ್ತೀರಿ. ಒಬ್ಬನಿಗೆ 3 ಹುಲಿ, ಇನ್ನೊಬ್ಬನಿಗೆ 15 ಕುರಿ. ಹುಲಿ ಕುರಿಯನ್ನು ದಾಟಿ ಹಾರಿ ತಿನ್ನುತ್ತದೆ, ಕುರಿಗಳು ಒಟ್ಟಾಗಿ ನಿಂತು ಹುಲಿಯನ್ನು ಅಲುಗಾಡದಂತೆ ಕಟ್ಟುತ್ತವೆ. ಬಲ ಬೇರೆ ಬೇರೆ. ಆದರೆ ಈ ಆಟಕ್ಕೆ ಹುಲಿ, ನಂತರದ ಆಟಕ್ಕೆ ಕುರಿ ಎಂದು ಕೈ ಬದಲಿಸಿ ಆಡುತ್ತಾರೆ. ಬೇಕಾಗುವ ಖರ್ಚು ಒಂದು ಹಿಡಿ ಹುಣಸೆಬೀಜ, ಮೂರು ಕಲ್ಲು.

ಈಗ ಮೊಬೈಲಿನ ಯುದ್ಧದಾಟ ನೋಡಿ. ಡೌನ್‌ಲೋಡ್ ಮಾಡಲು ರೊಕ್ಕ ಬೇಡ. ಆಮೇಲೆ ಹೊಳೆಯುವ ಪೆಟ್ಟಿಗೆಗಳು ಬರುತ್ತವೆ. ಒಡೆದರೆ ಹೊಸ ಬಂದೂಕು ಸಿಗಬಹುದು, ಸಿಗದೇ ಇರಬಹುದು. ಕೆಲವು ಆಟಗಳಲ್ಲಿ ಕೊಂಡ ವಸ್ತು ಬರೀ ವೇಷ, ಅದರಿಂದ ಆಟದ ಬಲ ಹೆಚ್ಚುವುದಿಲ್ಲ. ಇನ್ನು ಕೆಲವದರಲ್ಲಿ ಬಲವೇ ಮಾರಾಟಕ್ಕಿದೆ. ಕಾರ್ಡಿನ ಕಾಲದಲ್ಲಿ ಜೇಬಿನ ಒಂದು ರೂಪಾಯಿ ಮುಗಿದರೆ ಖರೀದಿಯೂ ಮುಗಿಯುತ್ತಿತ್ತು. ಈಗ ಮಗುವಿನ ಕೈಯಲ್ಲಿರುವ ಫೋನಿಗೆ ಅಪ್ಪನ ಬ್ಯಾಂಕ್ ಖಾತೆಯೇ ಜೋಡಿಸಿರುತ್ತದೆ. ಸೋಯಾ ಮಾರಿದ ರೊಕ್ಕ, ತೊಗರಿ ಮಾರಿದ ರೊಕ್ಕ ಅಲ್ಲೇ ಇರುತ್ತದೆ.

ಹಾಗಾಗಿ ಎರಡು ಕೆಲಸ ಮಾಡಿ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ. ಪ್ಲೇ ಸ್ಟೋರಿನ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿ. ಇದು ಐದು ನಿಮಿಷದ ಕೆಲಸ, ಬರದಿದ್ದರೆ ಕಾಲೇಜಿಗೆ ಹೋಗುವ ಯಾರಾದರೂ ಮಾಡಿಕೊಡುತ್ತಾರೆ.

ಮಕ್ಕಳ ಕೈಯಿಂದ ಆಟವನ್ನೇ ಕಿತ್ತುಕೊಳ್ಳಿ ಎಂದು ನಾವು ಹೇಳುವುದಿಲ್ಲ. ಯುದ್ಧದಾಟದಲ್ಲಿ ಎಣಿಕೆ ಇದೆ, ತಾಳ್ಮೆ ಇದೆ, ಎದುರಿನವನ ತಲೆಯಲ್ಲಿ ಏನಿದೆ ಎಂದು ಊಹಿಸುವುದಿದೆ. ನಮ್ಮ ಲೆಕ್ಕದ ಗೆಳೆಯನಿಗೆ ಇದೆಲ್ಲ ಇತ್ತು. ಆದರೆ ಹತ್ತನೇ ಇಯತ್ತೆಯ ನಂತರ ಅವನ ಓದು ನಿಂತಿತು. ಈಗ ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿ ಓಡಿಸುತ್ತಾನೆ. ಕಾಲೇಜು, ಪತ್ರಿಕೋದ್ಯಮ ಎಂದು ಓದಿಕೊಂಡು ಬಂದವರು ನಾವು. ಆಟದಲ್ಲಿ ಅವನು ಎಲ್ಲರಿಗೂ ಸುತ್ತು ಎಣಿಸಿ ಸಮ ಮಾಡಿ ಕೊಟ್ಟ. ಆಟದ ಹೊರಗೆ ಅವನಿಗೆ ಹಾಗೆ ಎಣಿಸಿ ಕೊಡುವವರು ಯಾರೂ ಸಿಗಲಿಲ್ಲ. ಇಂಥ ಹುಡುಗ ಅಥವಾ ಹುಡುಗಿ ನಿಮ್ಮೂರಿನ ಕಟ್ಟೆಯ ಮೇಲೂ ಕೂತಿರಬಹುದು, ಆಡದೆ, ಎಲ್ಲರ ಲೆಕ್ಕ ಇಡುತ್ತಾ.

ಅವರನ್ನು ಆಟಕ್ಕೆ ಕರೆಯುವುದು ಕಷ್ಟವಲ್ಲ. ಇರುವ ಕಾರ್ಡುಗಳನ್ನೆಲ್ಲ ಒಟ್ಟು ಮಾಡಿ ಕಲಸಿ ಹಂಚಿ. ಗೊಂಬೆಗಳಿದ್ದರೆ ಒಂದೊಂದಕ್ಕೂ ಬೆಲೆ ಕಟ್ಟಿ, ಎರಡೂ ಕಡೆ ಸಮ ಬರುವ ಹಾಗೆ ಪಾಲು ಮಾಡಿ. ಏನೂ ಇಲ್ಲದಿದ್ದರೆ ಹುಣಸೆಬೀಜ ಇದ್ದೇ ಇದೆ. ಆಟ ಶುರುವಾಗುವ ಮೊದಲು ಒಬ್ಬರು ಕೇಳಬೇಕು: ಕೈ ಬದಲ್ ಮಾಡಿ ಆಡ್ತೀರೇನು? ಎರಡೂ ಕಡೆಯವರು ಹೂಂ ಅಂದರೆ ಮೊದಲ ಗುಂಡು ಉರುಳಿಸಿ.