ಎಡ ಹೆಗಲಿನ ಕೋವಿ

ಅಮೆರಿಕದ ಓಹಾಯೋದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ದೀರ್ಘವಾದ ಪತ್ರ ಬರೆದಿದ್ದ. ಅವನಿಗೆ ಮರಗೆಲಸದ ಹವ್ಯಾಸ. ಈಚೆಗೆ ನೆರೆಯವರೊಬ್ಬರಿಂದ ಹಳೆಯ ಜರ್ಮನ್ ಮೌಸರ್ ರೈಫಲೊಂದನ್ನು ಕೊಂಡನಂತೆ. ಸೈನಿಕರ ಆ ಕೋವಿಯನ್ನು 1950ರ ದಶಕದಲ್ಲಿ ಯಾರೋ ಬೇಟೆಯ ಕೋವಿಯಾಗಿ ಪರಿವರ್ತಿಸಿದ್ದಾರೆ. ಮುಂಭಾಗದ ಮರವನ್ನು ಅರ್ಧಕ್ಕೆ ಕತ್ತರಿಸಿದ್ದಾರೆ, ನಳಿಗೆಯನ್ನೂ ಒಂದಷ್ಟು ಮೊಟಕು ಮಾಡಿದ್ದಾರೆ. "ಸರ್, ಇದನ್ನು ಮೊದಲಿನ ರೂಪಕ್ಕೆ ತರಲು ಪ್ರಯತ್ನಿಸಲೇ, ಇಲ್ಲವೇ ಹೊಸ ಮರ ಹಾಕಿ ನನ್ನದನ್ನಾಗಿ ಮಾಡಿಕೊಳ್ಳಲೇ? ನಮ್ಮ ಡ್ರಿಲ್ ಮೇಷ್ಟ್ರು ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ" ಎಂಬುದು ಪತ್ರದ ಸಾರಾಂಶ.

ಕೋವಿಯ ವಿಷಯದಲ್ಲಿ ಅಧಿಕಾರವಾಣಿಯಿಂದ ನುಡಿಯಬಲ್ಲವನು ನಾನಲ್ಲ. ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಬೆಳೆದ ನಾನು 1978ರಲ್ಲಿ ಕನ್ನಡ ಉಪಾಧ್ಯಾಯನಾಗಿ ಕೊಡಗಿಗೆ ಬರುವವರೆಗೆ, ಪೊಲೀಸರ ಹೆಗಲಿನ ತ್ರೀ ನಾಟ್ ತ್ರೀಯ ಹೊರತು ಬೇರೆ ಕೋವಿಯನ್ನು ಹತ್ತಿರದಿಂದ ಕಂಡವನಲ್ಲ. ಜೀವಮಾನದಲ್ಲಿ ಒಂದೇ ಒಂದು ಗುಂಡು ಹಾರಿಸಿದವನೂ ಅಲ್ಲ. ಆದರೆ ಕೋವಿಯೊಂದು ಮನುಷ್ಯನ ಮೈಗೆ ಹೊಂದುವಂತೆ ಬದಲಾದುದನ್ನು ಒಂದು ಇಡೀ ಮಳೆಗಾಲ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ನಿಮ್ಮಲ್ಲಿ ಹಲವರು ಆ ಡ್ರಿಲ್ ಮೇಷ್ಟರ ವಿಷಲಿಗೆ ಬೆಚ್ಚಿ ಮೈದಾನ ಸುತ್ತಿದವರೇ. ಅವರ ಬದುಕಿನ ಈ ಭಾಗ ನಿಮಗೆ ತಿಳಿದಿರಲಾರದೆಂದು ಬರೆಯುತ್ತಿದ್ದೇನೆ.

ಮೊದಲು ಅಮೆರಿಕದ ಸಂಗತಿ. ಸೈನ್ಯದ ರೈಫಲನ್ನು ಬೇಟೆಗೆ ಹೊಂದಿಸಿಕೊಳ್ಳುವುದಕ್ಕೆ ಅಲ್ಲಿ 'ಸ್ಪೋರ್ಟರೈಸಿಂಗ್' ಎನ್ನುತ್ತಾರೆ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರೇ ಸ್ಪ್ರಿಂಗ್‌ಫೀಲ್ಡ್ ಸೈನಿಕ ರೈಫಲೊಂದನ್ನು ಬೇಟೆಗೆ ತಕ್ಕಂತೆ ಮಾಡಿಸಿಕೊಂಡು 1909ರಲ್ಲಿ ಆಫ್ರಿಕಕ್ಕೆ ಒಯ್ದಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಯೂರೋಪಿನ ಸೈನ್ಯಗಳು ಮೂಲೆಗೆಸೆದ ಮೌಸರ್, ಎನ್‌ಫೀಲ್ಡ್ ಕೋವಿಗಳು ಹಡಗುಗಟ್ಟಲೆ ಆ ದೇಶಕ್ಕೆ ಬಂದವು. ಅಂಚೆಯಲ್ಲಿ ಹಣ ಕಳುಹಿಸಿದರೆ ಮನೆಬಾಗಿಲಿಗೇ ಕೋವಿ ಬರುತ್ತಿದ್ದ ಕಾಲ. 1963ರಲ್ಲಿ ಕೆನೆಡಿಯವರ ಹತ್ಯೆಗೆ ಬಳಕೆಯಾದದ್ದೂ ದೂರದರ್ಶಕ ಸಹಿತ 19 ಡಾಲರ್ 95 ಸೆಂಟ್ ಬೆಲೆಗೆ ಅಂಚೆಯಲ್ಲಿ ಬಂದಿದ್ದ, ಇಟಲಿ ಸೈನ್ಯದ ಹಳೆಯ ರೈಫಲು. 1968ರ ಕಾಯಿದೆ ಆ ಅಂಚೆ ವ್ಯಾಪಾರಕ್ಕೆ ತೆರೆಯೆಳೆಯಿತು. ಅಷ್ಟರಲ್ಲಿ ಲಕ್ಷಾಂತರ ಕೋವಿಗಳು ಮನೆಯ ಹಿತ್ತಲಿನ ಷೆಡ್ಡುಗಳಲ್ಲಿ ಗರಗಸದ ಬಾಯಿಗೆ ಬಿದ್ದಿದ್ದವು. ಅಂದು ಅಗ್ಗವೆಂದು ಕತ್ತರಿಸಿದವುಗಳಲ್ಲಿ ಕತ್ತರಿಸದೆ ಉಳಿದವಕ್ಕೇ ಇಂದು ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡುತ್ತಾರೆ.

ನಮ್ಮ ದೇಶದಲ್ಲಿ ಇದೇ ಪರಿವರ್ತನೆಯನ್ನು ಹವ್ಯಾಸಿಗಳು ಮಾಡಲಿಲ್ಲ, ಸರಕಾರದ ಕಾರ್ಖಾನೆಯೇ ಮಾಡಿತು. ಬ್ರಿಟಿಷರಿಗೆ ಒಂದು ಭಯವಿತ್ತು. ಸೈನ್ಯದ .303 ಗುಂಡು ಹಿಡಿಸುವ ಕೋವಿ ಪ್ರಜೆಗಳ ಮನೆಯಲ್ಲಿದ್ದರೆ, ಕದ್ದ ಸರಕಾರಿ ಗುಂಡುಗಳಿಗೆ ಬಾಯಿ ಸಿಕ್ಕಂತಾಗುವುದಿಲ್ಲವೇ? ಆದ್ದರಿಂದ ಆ ಅಳತೆಯನ್ನು ಜನಸಾಮಾನ್ಯರಿಗೆ ನಿಷೇಧಿಸಿದರು. ಅದರ ಬದಲಿಗೆ ಬಂದದ್ದು .315. ಇದರ ಗುಂಡು ಮೂಲತಃ ಆಸ್ಟ್ರಿಯಾದ ಮ್ಯಾನ್‌ಲಿಕರ್ ರೈಫಲಿನದು, ಎಂಟು ಮಿಲಿಮೀಟರಿನದು. ಕೋವಿಯ ಯಂತ್ರಭಾಗ ಮಾತ್ರ ಅದೇ ಲೀ-ಎನ್‌ಫೀಲ್ಡ್. ಸ್ವಾತಂತ್ರ್ಯಾನಂತರ ಕಲ್ಕತ್ತೆಯ ಬಳಿ ಹೂಗ್ಲಿ ತೀರದ ಇಶಾಪುರ ಕಾರ್ಖಾನೆ ಇದನ್ನು ತಯಾರಿಸಿತು. ಹೀಗಾಗಿ ಇಶಾಪುರದ .315 ಎಂದರೆ ಹುಟ್ಟುವಾಗಲೇ ಸೈನಿಕವೇಷ ಕಳಚಿಟ್ಟ ಕೋವಿ. ನಮ್ಮ ಡ್ರಿಲ್ ಮೇಷ್ಟರ ತಂದೆಯವರು 1960ರ ದಶಕದಲ್ಲಿ ಕೊಂಡದ್ದು ಇಂಥದೇ ಒಂದನ್ನು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವುದು ನಿಮಗೆಲ್ಲ ತಿಳಿದದ್ದೇ. 1861ರಷ್ಟು ಹಿಂದಿನದು ಅದು. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಹೊರಗಿನವನಾದ ನನಗೆ ಮೊದಮೊದಲು ಇದು ವಿಚಿತ್ರವಾಗಿ ತೋರಿತ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಎಂಬ ಲೆಕ್ಕ ತಿಳಿದ ಮೇಲೆ, ಸಂಜೆಯ ಹೊತ್ತು ದೂರದಲ್ಲಿ ಗುಂಡಿನ ಸದ್ದಾದಾಗ ಎರಡನೆಯದಕ್ಕಾಗಿ ಉಸಿರು ಬಿಗಿಹಿಡಿದು ಕಾಯುವುದು ನನಗೂ ಅಭ್ಯಾಸವಾಯಿತು.

1971ರ ಡಿಸೆಂಬರಿನಲ್ಲಿ, ಪಶ್ಚಿಮದ ಗಡಿಯಲ್ಲಿ, ಷೆಲ್ಲಿನ ಚೂರೊಂದು ಡ್ರಿಲ್ ಮೇಷ್ಟರ ಬಲ ಹೆಗಲನ್ನು ಹೊಕ್ಕಿತ್ತು. ಕೈ ಉಳಿಯಿತು, ಬೆರಳುಗಳೂ ಸರಿಯಾಗಿ ಆಡುತ್ತಿದ್ದವು. ಆದರೆ ಹೆಗಲ ಕೀಲು ಹೋಯಿತು. ಕೊರಳೂ ಬಲಕ್ಕೆ ಅಷ್ಟಾಗಿ ವಾಲದು. ಸೈನ್ಯದಿಂದ ಬಿಡುಗಡೆಯಾಗಿ ಬಂದ ವರ್ಷ ಕೈಲ್ ಪೊಳ್ದಿನಂದು ತಂದೆಯ ಕೋವಿಯನ್ನು ಬಲ ಹೆಗಲಿಗೇ ಇಟ್ಟು ತೆಂಗಿನಕಾಯಿಗೆ ಗುರಿ ಹಿಡಿದರಂತೆ. ಕಾಯಿ ಅಲುಗಲಿಲ್ಲ, ಇವರು ಮೊಣಕಾಲೂರಿ ಕುಸಿದರು. ಮುಂದಿನ ವರ್ಷಗಳಲ್ಲಿ ಕಾಯಿ ಹೊಡೆಯುವವರ ಹೆಸರು ಕೂಗುವಾಗ ಊರಿನವರು ಇವರ ಹೆಸರನ್ನು ನಯವಾಗಿ ಬಿಟ್ಟುಬಿಡುತ್ತಿದ್ದರು. ಇವರೂ ಆ ಹೊತ್ತಿಗೆ ಏನೋ ಕೆಲಸವಿದೆಯೆಂದು ತೋಟದ ಕಡೆಗೆ ನಡೆಯುತ್ತಿದ್ದರು. ಹೀಗೆ ಹನ್ನೆರಡು ವರ್ಷ. ಈ ನಯವೇ ಅವರನ್ನು ಹೆಚ್ಚು ನೋಯಿಸಿತೆಂದು ನನ್ನ ಅನಿಸಿಕೆ. ಅವರು ಒಮ್ಮೆಯೂ ಹಾಗೆ ಹೇಳಲಿಲ್ಲ.

1984ರ ಮುಂಗಾರಿನಲ್ಲಿ ಅವರಿಗೆ ಎಡ ಹೆಗಲಿನ ಯೋಚನೆ ಹೊಳೆಯಿತು. ಕೋವಿಯನ್ನು ಎಡಕ್ಕಿಟ್ಟರಾಯಿತಲ್ಲವೇ ಎಂದು ನಾನು ಸುಲಭವಾಗಿ ಹೇಳಿದ್ದೆ. ಅವರು ನಕ್ಕು, ಗೋಡೆಯ ಕಡೆ ಗುರಿಯಿಟ್ಟು ತೋರಿಸಿದರು. ಬಾಗದ ಕೊರಳಿನಿಂದಾಗಿ ಕಣ್ಣು ಗುರಿಯ ಸಾಲಿಗೆ ಬರುತ್ತಲೇ ಇರಲಿಲ್ಲ. ಮರವೇ ಕಣ್ಣಿನ ಬಳಿಗೆ ಬರಬೇಕಿತ್ತು. ಲಂಡನ್ನಿನ ಹೆಸರಾಂತ ಕೋವಿ ತಯಾರಕರು ಬಲಗಣ್ಣು ಕಳೆದುಕೊಂಡ ಗಿರಾಕಿಗಳಿಗಾಗಿ, ಬಲ ಹೆಗಲಿನಿಂದ ಎಡಗಣ್ಣಿಗೆ ತಲುಪುವಂತೆ ಹಾವಿನ ಹಾಗೆ ಬಳುಕಿದ ಮರ ಮಾಡಿಕೊಡುತ್ತಿದ್ದರೆಂದು ಅವರೇ ಹೇಳಿದರು. ಮನುಷ್ಯನ ಒಂದೊಂದು ಊನಕ್ಕೂ ಒಂದೊಂದು ಮರದ ಆಕಾರವಿದೆಯೆಂಬುದು ನನಗೆ ಅಂದು ತಿಳಿಯಿತು.

ಅವರಲ್ಲಿ ಒಂದು ಅಕ್ರೋಟು ಹಲಗೆಯಿತ್ತು. ಯುದ್ಧಕ್ಕೆ ಮೊದಲು ಶ್ರೀನಗರದಲ್ಲಿದ್ದಾಗ, ಮಗಳ ಮದುವೆಗೆ ಒಡವೆಯ ಪೆಟ್ಟಿಗೆ ಮಾಡಿಸಬೇಕೆಂದು ಕೊಂಡು, ಟ್ರಂಕಿನ ತಳದಲ್ಲಿಟ್ಟು ತಂದದ್ದು. ಎರಡೂವರೆ ಅಂಗುಲ ದಪ್ಪ, ಕಂದುಬಣ್ಣದ ನಡುವೆ ಹೊಗೆಯಂತಹ ಕಪ್ಪು ಗೆರೆಗಳು. ಹದಿನಾಲ್ಕು ವರ್ಷ ಅಟ್ಟದ ಮೇಲೆ ಒಣಗಿ ಪಕ್ವವಾಗಿತ್ತು. ಬೀಟೆ, ತೇಗಗಳಿಗೆ ಬರವಿಲ್ಲದ ನಾಡಿನಲ್ಲಿ ಅಕ್ರೋಟೇ ಏಕೆಂದು ಕೇಳಿದೆ. ಬೀಟೆ ಅತಿ ಭಾರ. ಅಕ್ರೋಟಾದರೋ ಹಗುರ, ಗಟ್ಟಿ, ಒದೆತ ತಾಳಿದರೂ ಸೀಳದು, ಉಳಿಗೆ ಬೆಣ್ಣೆಯಂತೆ ಒಲಿಯುತ್ತದೆ ಎಂದರು. ಪೆಟ್ಟಿಗೆಯ ಮಾತೇನೆಂದು ನಾನು ಕೇಳಲಿಲ್ಲ. ಅವರ ಮಡದಿಯೇ ಹಲಗೆಯನ್ನು ಅಟ್ಟದಿಂದ ಇಳಿಸಿಕೊಟ್ಟದ್ದನ್ನು ಮಾತ್ರ ನೋಡಿದೆ.

ಕಬ್ಬಿಣಕ್ಕೆ ಅವರು ಕೈ ಹಚ್ಚಲಿಲ್ಲ. ನಳಿಗೆ ಮೊಟಕು ಮಾಡುವುದಾಗಲಿ ಯಂತ್ರಭಾಗವನ್ನು ಬದಲಿಸುವುದಾಗಲಿ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯುಳ್ಳವರ ಕೆಲಸ, ಅಡುಗೆಮನೆಯ ಜಗಲಿಯ ಕೆಲಸವಲ್ಲ. ಅವರ ಭಾವ ಒಬ್ಬರು ಬಂದಾಗಲೆಲ್ಲ, "ನಳಿಗೆಯನ್ನೂ ನಾಲ್ಕು ಅಂಗುಲ ಕಡಿಮೆ ಮಾಡಿಸಿ, ಮೇಲೊಂದು ದುರ್ಬೀನು ಕೂರಿಸಿ, ನೋಡುವುದಕ್ಕೆ ಚೆಂದ" ಎಂದು ಪೀಡಿಸುತ್ತಿದ್ದರು. "ಭಾವ, ಕತ್ತರಿಸಿದ್ದನ್ನು ನಾಳೆ ನನ್ನ ಮಗ ಅಂಟಿಸಲಾದೀತೇ?" ಎಂದು ಇವರು ಬಾಯಿ ಮುಚ್ಚಿಸುತ್ತಿದ್ದರು.

ಲೀ-ಎನ್‌ಫೀಲ್ಡಿನ ಮರ ಎರಡು ತುಂಡಿನದು. ನಳಿಗೆಯ ಕೆಳಗೊಂದು, ಹೆಗಲಿಗೊರಗುವ 'ಬಟ್' ಇನ್ನೊಂದು. ಬಟ್ಟಿನ ಹೊಟ್ಟೆಯೊಳಗೆ ಉದ್ದಕ್ಕೆ ಹಾದುಹೋಗುವ ಬೋಲ್ಟೊಂದು ಅದನ್ನು ಕಬ್ಬಿಣದ ಗೂಡಿಗೆ ಬಿಗಿಯುತ್ತದೆ. ಮುಂದಿನ ಮರವನ್ನು ಕಳಚದೆ ಈ ಬೋಲ್ಟನ್ನು ತಿರುಗಿಸಿದರೆ ಮುಂದಿನ ಮರ ಸೀಳಿಹೋಗುತ್ತದೆ. ಹಳೆಯ .303ರ ಮೇಲೆ ಸೈನ್ಯ ಕಲಿಸಿದ ಈ ಪಾಠವನ್ನು ಅವರು ಇಲ್ಲಿಯೂ ಚಾಚೂ ತಪ್ಪದೆ ಪಾಲಿಸಿದರು. ಸೈನ್ಯದಲ್ಲಿ ಈ ಬಟ್ಟಿಗೆ ನಾಲ್ಕು ಅಳತೆಗಳಿದ್ದವಂತೆ: ಉದ್ದ, ಸಾಮಾನ್ಯ, ಗಿಡ್ಡ, ಮತ್ತು ಕುಳ್ಳರಿಗಾಗಿ 'ಬ್ಯಾಂಟಮ್'. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಅಂಗುಲದ ಅಂತರ. ಕೋಟ್ಯಂತರ ಸೈನಿಕರ ತೋಳುಗಳನ್ನು ನಾಲ್ಕು ಅಳತೆಗಳಿಗೆ ಇಳಿಸಿದ ಸಾಮ್ರಾಜ್ಯದ ಲೆಕ್ಕಾಚಾರಕ್ಕೆ ನಾನು ಬೆರಗಾದೆ. ಐದನೆಯ ಅಳತೆ ನಮ್ಮ ಡ್ರಿಲ್ ಮೇಷ್ಟರದು.

ಮೊದಲು ಉದ್ದನೆಯ ಬೈರಿಗೆಯಿಂದ ರಂಧ್ರ ಕೊರೆದು, ಆಮೇಲೆ ಆ ರಂಧ್ರದ ಸುತ್ತ ಬಟ್ಟನ್ನು ಕೆತ್ತಿದರು. ಕೆತ್ತಿದ ಮೇಲೆ ಕೊರೆಯಹೊರಟರೆ ಬೈರಿಗೆ ದಾರಿ ತಪ್ಪಿದಾಗ ಮರವೆಲ್ಲ ದಂಡವಂತೆ. ಹಿಡಿಯ ಸಣ್ಣ ಭಾಗದಲ್ಲಿ ಮರದ ನಾರು ಉದ್ದಕ್ಕೇ ಓಡುವಂತೆ ಹಲಗೆಯನ್ನು ತಿರುಗಿಸಿ ತಿರುಗಿಸಿ ಗುರುತು ಹಾಕಿದ್ದರು. ಅಡ್ಡ ನಾರು ಬಂದರೆ ಅಲ್ಲಿಯೇ ಮುರಿಯುತ್ತದೆ. ಅನಂತರ ಮರವನ್ನು ಗೂಡಿಗೆ ಕೂರಿಸುವ ಕೆಲಸ. ಇದರಲ್ಲಿ ನನಗೂ ಒಂದು ಪಾತ್ರವಿತ್ತು: ಸೀಮೆಎಣ್ಣೆ ಬುಡ್ಡಿ ಹಿಡಿಯುವುದು. ದೀಪದ ಹೊಗೆಯಿಂದ ಕಬ್ಬಿಣದ ಗೂಡಿಗೆ ತೆಳುವಾಗಿ ಮಸಿ ಹಿಡಿಸಿ, ಮರವನ್ನು ಒಳಕ್ಕೆ ಒತ್ತಿ ಹೊರತೆಗೆಯುತ್ತಿದ್ದರು. ಎಲ್ಲಿ ಮಸಿ ಅಂಟಿದೆಯೋ ಅಲ್ಲಿ ಮಾತ್ರ ಕೂದಲೆಳೆಯಷ್ಟು ಕೆರೆಯುವುದು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆತ. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನಾನು ಎಣಿಸಿದ್ದು ನಲವತ್ತಕ್ಕೂ ಮಿಕ್ಕಿ. ಕಾಗುಣಿತ ತಿದ್ದುವುದರಲ್ಲಿ ನನಗೆ ತಾಳ್ಮೆಯಿದೆಯೆಂದು ಭಾವಿಸಿದ್ದೆ, ಅಂದು ಆ ಗರ್ವ ಇಳಿಯಿತು.

ಆಮೇಲೆ ಎಣ್ಣೆ. ಮರವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ನಾರುಗಳು ಮೀಸೆಯಂತೆ ಏಳುತ್ತವೆ. ಒಣಗಿದ ಮೇಲೆ ಸ್ಯಾಂಡ್‌ಪೇಪರಿನಿಂದ ಉಜ್ಜಬೇಕು. ಹೀಗೆ ಮೂರು ನಾಲ್ಕು ಸಲವಾದ ಬಳಿಕ ಅಗಸೆ ಎಣ್ಣೆಯ ಕೆಲವೇ ಹನಿಗಳನ್ನು ಅಂಗೈಯಲ್ಲಿ ಬಿಸಿಯಾಗುವಂತೆ ತಿಕ್ಕುವುದು. ಕೊಡಗಿನ ಆಷಾಢದಲ್ಲಿ ಅಗಸೆ ಎಣ್ಣೆ ಒಣಗುವುದೆಂದರೇನು! ವಾರವಾದರೂ ಅಂಟು. ಕೊನೆಗೆ ಅಡುಗೆಮನೆಯಲ್ಲಿ, ಒಲೆಯ ನೇರಕ್ಕಲ್ಲದೆ ಒಂದು ಮಾರು ದೂರದಲ್ಲಿ, ತೊಲೆಗೆ ತೂಗುಹಾಕಿದರು. "ಈ ಮನೆಯಲ್ಲಿ ಮನುಷ್ಯರಿಗಿಂತ ಮರದ ತುಂಡಿಗೇ ಬೆಚ್ಚನೆಯ ಜಾಗ" ಎಂದು ಅವರ ಮಡದಿ ಗೊಣಗಿದರು. ಎಣ್ಣೆಯ ವಾಸನೆ ಆ ಮಳೆಗಾಲವೆಲ್ಲ ಕಡುಬಿಗೂ ಹತ್ತಿತ್ತು.

ಹೊಸ ಬಟ್ಟು ಹಿಂಬದಿಯಲ್ಲಿ ಕೊಂಚ ಎಡಕ್ಕೆ ಸರಿದಿತ್ತು. ಎಡಗೆನ್ನೆ ಒರಗುವಲ್ಲಿ ಎತ್ತರದ ಉಬ್ಬು, ತುದಿಗೆ ರಬ್ಬರಿನ ದಿಂಬು. ಮುಂದಿನ ಮರ ಕಾರ್ಖಾನೆಯದೇ, ಬಣ್ಣ ಬೇರೆ. ಎರಡನ್ನೂ ಒಂದೇ ಬಣ್ಣಕ್ಕೆ ತರಬಹುದಿತ್ತಲ್ಲ ಎಂದೆ. "ಇರಲಿ ಮೇಷ್ಟ್ರೇ, ಇಶಾಪುರದ್ದು ಯಾವುದು, ನನ್ನದು ಯಾವುದು ಎಂದು ನೋಡಿದವರಿಗೆ ತಿಳಿಯಬೇಕು" ಎಂದರು. ಹಳೆಯ ಬಟ್ಟನ್ನು ಎಣ್ಣೆ ಹಚ್ಚಿ, ಕಂಬಳಿಯ ತುಂಡಿನಲ್ಲಿ ಸುತ್ತಿ, ತೆಗೆದು ಕೂರಿಸುವ ಕ್ರಮವನ್ನು ಚೀಟಿಯಲ್ಲಿ ಬರೆದು ಒಳಗಿಟ್ಟರು. ಆ ಚೀಟಿಯ ಕನ್ನಡವನ್ನು ತಿದ್ದಿಕೊಟ್ಟದ್ದು ನಾನು. ಕೋವಿಯನ್ನು ಪರವಾನಗಿಯುಳ್ಳ ಕಮ್ಮಾರರೊಬ್ಬರಿಂದ ಪರೀಕ್ಷೆ ಮಾಡಿಸಿಯೇ ಗುಂಡು ತುಂಬಿದರು.

ಓಹಾಯೋದ ವಿದ್ಯಾರ್ಥಿಗೆ ನಾನು ಬರೆದ ಉತ್ತರವೂ ಇಷ್ಟರಿಂದಲೇ ಹುಟ್ಟಿದ್ದು. ಮೊಟಕಾದ ನಳಿಗೆ ಬೆಳೆಯುವುದಿಲ್ಲ, ಅದರ ಚಿಂತೆ ಬಿಡು. ಹೊಸ ಮರ ಮಾಡುವುದಾದರೆ ನಿನ್ನ ತೋಳಿಗೆ ತಕ್ಕಂತೆ ಮಾಡು. ಆದರೆ ಆ 1950ರ ದಶಕದ ಅಜ್ಞಾತನ ಮರವನ್ನು ಒಲೆಗೆ ಹಾಕಬೇಡ. ಅವನೂ ಯಾವುದೋ ಹೆಗಲಿಗೆಂದೇ ಅದನ್ನು ಕೆತ್ತಿದ್ದಾನೆ.

ಆ ವರ್ಷದ ಕೈಲ್ ಪೊಳ್ದಿನಂದು ತೋಕ್ ಪೂವಿನಿಂದ ಅಲಂಕರಿಸಿದ ಕೋವಿಗಳ ಸಾಲಿನಲ್ಲಿ ಎರಡು ಬಣ್ಣದ ಆ ಕೋವಿಯೂ ನಿಂತಿತ್ತು. ಹೆಸರನ್ನು ಇವರೇ ಹೇಳಿ ಬರೆಸಿದರು. ಮಣ್ಣಿನ ಬರೆಯ ಮುಂದೆ ಕಟ್ಟಿದ್ದ ಕಾಯಿಯ ಸಿಪ್ಪೆಯನ್ನು ಗುಂಡು ಸವರಿತು, ಕಾಯಿ ಗಿರಗಿರನೆ ತಿರುಗಿತು, ಒಡೆಯಲಿಲ್ಲ. ತೀರ್ಪುಗಾರರು ಕನಿಕರದಿಂದ ಇನ್ನೊಂದು ಗುಂಡಿಗೆ ಅವಕಾಶ ಕೊಡಹೋದರು. "ಎಲ್ಲರಿಗೂ ಒಂದೇ ಅಲ್ಲವೇ?" ಎಂದು ಇವರು ಕೋವಿ ಇಳಿಸಿದರು. ಮಾರನೆಯ ವರ್ಷ, 1985ರಲ್ಲಿ, ಕಾಯಿ ಒಡೆಯಿತು.

ಅವರು ತೀರಿಕೊಂಡದ್ದು 2009ರಲ್ಲಿ. ಅಂದು ಎರಡು ಗುಂಡುಗಳ ಸದ್ದನ್ನು ನಾನು ಅವರ ಅಂಗಳದಲ್ಲೇ ನಿಂತು ಕೇಳಿದೆ. ಕಾಗದಪತ್ರಗಳು ಮಗನ ಹೆಸರಿಗಾದ ಮೇಲೆ, ಸೈನ್ಯದಲ್ಲಿದ್ದ ಆತ ರಜೆಯಲ್ಲಿ ಬಂದು ಜಗಲಿಯಲ್ಲಿ ಕುಳಿತು ಚೀಟಿ ಬಿಡಿಸಿದ. ಮೊದಲು ಮುಂದಿನ ಮರ, ಆಮೇಲೆ ಬೋಲ್ಟು. ಒಂದು ಗಂಟೆಯೊಳಗೆ ಅಜ್ಜನ ಕಾಲದ ಬಟ್ಟು ತನ್ನ ಗೂಡಿಗೆ ಮರಳಿತು. ಆತನ ಬಲ ಹೆಗಲಿಗೆ ಅದು ಸರಿಯಾಗಿಯೇ ಕೂತಿತು. ಅಕ್ರೋಟಿನ ಬಟ್ಟನ್ನು ಕೈಯಲ್ಲಿ ಹಿಡಿದು, ಕೆನ್ನೆ ತಾಗಿ ತಾಗಿ ಕಪ್ಪಾಗಿ ಹೊಳೆಯುತ್ತಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿ, ಅದೇ ಕಂಬಳಿಯ ತುಂಡಿನಲ್ಲಿ ಸುತ್ತಿಟ್ಟ. ಪ್ರತಿವರ್ಷ ಕೈಲ್ ಪೊಳ್ದಿಗೆ ಮೊದಲು ಅದನ್ನು ಬಿಚ್ಚಿ ಎಣ್ಣೆ ತಿಕ್ಕುತ್ತಾನೆ. ಈಗ ತೊಂಬತ್ತರ ಅಂಚಿನಲ್ಲಿರುವ ಅವನ ತಾಯಿಯವರ ಷರತ್ತು ಒಂದೇ: ತಿಕ್ಕುವುದೆಲ್ಲ ಜಗಲಿಯಲ್ಲಿಯೇ ಆಗಬೇಕು, ಅಡುಗೆಮನೆಗೆ ತರಕೂಡದು.